ಸಿಡಿಯುವುದು ಮತ್ತು ಕುಸಿಯುವುದು: ಸ್ಫೋಟದ ಮರ್ಮ, ಬೇಸಾಯಗಾರರಿಗೆ ಅದರ ಉಪಯೋಗ

ಒಂದು ಕಿಲೊಗ್ರಾಂ ಮಂಡ್ಯದ ಬೆಲ್ಲ, ಒಂದು ಕಿಲೊಗ್ರಾಂ ಟಿ.ಎನ್.ಟಿ. ಎಂಬ ಸಿಡಿಮದ್ದು. ಇವೆರಡರಲ್ಲಿ ಹೆಚ್ಚು ಶಕ್ತಿ ಅಡಗಿರುವುದು ಯಾವುದರಲ್ಲಿ? ಈ ಪ್ರಶ್ನೆಯನ್ನು ರೈತರ ತರಬೇತಿಗಳಲ್ಲಿ ಕೇಳಿದಾಗ ಎಲ್ಲರೂ ಸಿಡಿಮದ್ದಿನ ಕಡೆಗೇ ಕೈ ಎತ್ತುತ್ತಾರೆ. ನಿಜವಾದ ಲೆಕ್ಕ ಬೇರೆ. ಬೆಲ್ಲ ಪೂರ್ತಿ ಉರಿದರೆ ಸುಮಾರು 3,800 ಕಿಲೊಕ್ಯಾಲರಿ ಶಾಖ ಬಿಡುಗಡೆಯಾಗುತ್ತದೆ, ಟಿ.ಎನ್.ಟಿ. ಸಿಡಿದಾಗ ಬರುವುದು ಸುಮಾರು 1,000 ಕಿಲೊಕ್ಯಾಲರಿ ಮಾತ್ರ. ಆದರೂ ಬೆಲ್ಲದ ಅಚ್ಚು ಗೋಡೆ ಉರುಳಿಸುವುದಿಲ್ಲ. ಅದು ಉರಿಯಬೇಕಾದರೆ ಹೊರಗಿನ ಗಾಳಿಯಿಂದ ಸ್ವಲ್ಪ ಸ್ವಲ್ಪವಾಗಿ ಆಮ್ಲಜನಕವನ್ನು ಪಡೆಯಬೇಕು. ಅದಕ್ಕೆ ಹೊತ್ತು ಬೇಕು. ಟಿ.ಎನ್.ಟಿ. ಸಿಡಿಯಲು ಬೇಕಾದ ಆಮ್ಲಜನಕವನ್ನು ತನ್ನ ಅಣುವಿನೊಳಗೇ ಇಟ್ಟುಕೊಂಡಿದೆ. ಸಿಡಿತ ಅದರೊಳಗೆ ಸೆಕೆಂಡಿಗೆ ಸುಮಾರು 6,900 ಮೀಟರ್ ವೇಗದಲ್ಲಿ, ಅಂದರೆ ಗಾಳಿಯಲ್ಲಿ ಶಬ್ದ ಹರಿಯುವ ವೇಗದ 20 ಪಟ್ಟು ವೇಗದಲ್ಲಿ ಸಾಗುತ್ತದೆ. ಹಾಗಾದರೆ ಸ್ಫೋಟದಲ್ಲಿ ಮುಖ್ಯವಾದುದು ಎಷ್ಟು ಶಕ್ತಿ ಇದೆ ಎಂಬುದಕ್ಕಿಂತ ಅದು ಎಷ್ಟು ಬೇಗ ಹೊರಬೀಳುತ್ತದೆ ಎಂಬುದು.

ಬೇಸಾಯದ ಮಾಸಿಕದಲ್ಲಿ ಇಂಥ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಗೊಬ್ಬರದ ಕೊಠಡಿ, ಬಾವಿಯ ಬಂಡೆ, ಡೀಸೆಲ್ ಪೀಪಾಯಿ, ಗೋಬರ್ ಗ್ಯಾಸ್, ಪಂಪ್‌ಸೆಟ್ಟು, ಹನಿ ನೀರಾವರಿಯ ಕೊಳವೆ ಇಷ್ಟರಲ್ಲಿ ಒಂದಾದರೂ ಇಲ್ಲದ ರೈತರು ಇಂದು ವಿರಳ. ಇವೆಲ್ಲದರಲ್ಲೂ ಸ್ಫೋಟ ಅಥವಾ ಅದಕ್ಕೆ ವಿರುದ್ಧವಾದ ಒಳಕುಸಿತ ಕಾದು ಕುಳಿತಿರುತ್ತದೆ.

ಪುರಿಯೂ ಕುಕ್ಕರೂ

ಮೈಸೂರಿನ ಶ್ರೀರಾಂಪುರದ ಅಂಗಡಿಗಳಲ್ಲಿ ಸಿಗುವ ಕಡಲೆಪುರಿಯೂ ಸ್ಫೋಟದಿಂದಲೇ ಆದದ್ದು. ಕುಸುಬಲಕ್ಕಿಯನ್ನು ಕಾದ ಮರಳಿಗೆ ಸುರಿದಾಗ ಕಾಳಿನೊಳಗಿನ ಅಲ್ಪ ತೇವ ಆವಿಯಾಗುತ್ತದೆ. ನೀರು ಆವಿಯಾದರೆ ಬಯಲಿನಲ್ಲಿ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಕಾಳಿನ ಒಳಗೆ ಅಷ್ಟು ಜಾಗವಿಲ್ಲ, ಒತ್ತಡ ಏರುತ್ತದೆ, ಕಾಳು ತಡೆಯಲಾರದೆ ಹಿಗ್ಗುತ್ತದೆ. ಮುಸುಕಿನ ಜೋಳದ ಅರಳನ್ನು ಅಳೆದು ನೋಡಿದ್ದಾರೆ: ಸಿಪ್ಪೆ ಒಡೆಯುವ ಹೊತ್ತಿಗೆ ಒಳಗಿನ ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್, ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು. ಕಾಳಿನಲ್ಲಿ ತೇವ ಶೇಕಡ 13–14 ಇದ್ದರೆ ಚೆನ್ನಾಗಿ ಅರಳುತ್ತದೆ. ಸಿಪ್ಪೆ ಬಿರುಕು ಬಿಟ್ಟ ಕಾಳು ಮಾತ್ರ ಅರಳದೆ ಉಳಿಯುತ್ತದೆ, ಏಕೆಂದರೆ ಆವಿ ಮೊದಲೇ ಸೋರಿಹೋಗಿರುತ್ತದೆ.

ಈ ಬಿರುಕಿನ ಮಾತು ಮುಖ್ಯ. ಅನಿಲ ಹುಟ್ಟುವ ವೇಗಕ್ಕೂ ಅದು ತಪ್ಪಿಸಿಕೊಳ್ಳುವ ವೇಗಕ್ಕೂ ನಡೆಯುವ ಪಂದ್ಯವೇ ಸ್ಫೋಟ. ದಾರಿ ಸಾಕಷ್ಟು ದೊಡ್ಡದಿದ್ದರೆ ಸಿಡಿತವಿಲ್ಲ. ಕುಕ್ಕರಿನ ಮೇಲೆ ಕೂರುವ ತೂಕ ಮಾಡುವ ಕೆಲಸ ಇದೇ. ಒಳಗೆ ನೀರು ಸುಮಾರು 120 ಡಿಗ್ರಿಯಲ್ಲಿರುತ್ತದೆ. ಆವಿಯ ದಾರಿ ಕಟ್ಟಿ ಮುಚ್ಚಳ ಹಾರಿತೆಂದು ಇಟ್ಟುಕೊಳ್ಳಿ. ಆ ಶಾಖದ ನೀರು ಬಯಲಿನ ಒತ್ತಡದಲ್ಲಿ ನೀರಾಗಿ ಉಳಿಯಲಾರದು. ಎರಡು ಲೀಟರ್ ನೀರಿದ್ದರೆ ಅದರಲ್ಲಿ 70 ಗ್ರಾಂಗಿಂತ ಹೆಚ್ಚು ಆ ಕ್ಷಣವೇ ಆವಿಯಾಗಿ ನೂರು ಲೀಟರಿಗೂ ಮಿಕ್ಕಿ ಹರಡುತ್ತದೆ. ಅಡಿಗೆಮನೆಯ ಅಪಘಾತಗಳಲ್ಲಿ ಮುಚ್ಚಳದ ಪೆಟ್ಟಿಗಿಂತ ಈ ಆವಿಯ ಸುಟ್ಟಗಾಯವೇ ಅನೇಕ ವೇಳೆ ಹೆಚ್ಚು. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಇರುವುದು ಎರಡು ಲೀಟರಲ್ಲ. ಅದರ ಸುರಕ್ಷಾ ಕವಾಟವನ್ನು ತಂತಿಯಿಂದ ಬಿಗಿದು ಒತ್ತಡ ಹೆಚ್ಚಿಸುವವರಿಗೆ ಈ ಲೆಕ್ಕವನ್ನು ಯಾರಾದರೂ ಹೇಳಬೇಕು.

ಕೊಟ್ಟಿಗೆಯ ಮಣ್ಣಿನಿಂದ ಕೋಟೆಯ ಬಾಣಕ್ಕೆ

ಹಳೆಯ ಕಾಲದ ಕೋವಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣ. ಇದ್ದಿಲು ಮತ್ತು ಗಂಧಕ ಉರಿಯುವ ವಸ್ತುಗಳು. ಆಮ್ಲಜನಕ ಒದಗಿಸುವುದು ಪೆಟ್ಲುಪ್ಪು. ಇದರ ರಾಸಾಯನಿಕ ಹೆಸರು ಪೊಟ್ಯಾಸಿಯಂ ನೈಟ್ರೇಟ್. ತೂಕದಲ್ಲಿ ಅರ್ಧದಷ್ಟು ಆಮ್ಲಜನಕವೇ. ಇದು ಎಲ್ಲಿಂದ ಬರುತ್ತಿತ್ತು? ದನದ ಕೊಟ್ಟಿಗೆಯ ನೆಲ, ಹಳೆಯ ಮಣ್ಣುಗೋಡೆ, ಊರಿನ ತಿಪ್ಪೆಯ ಸುತ್ತಲಿನ ಮಣ್ಣು ಇವುಗಳಿಂದ. ಗಂಜಲದಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಅಮೋನಿಯಾ, ಬಳಿಕ ನೈಟ್ರೇಟಾಗಿ ಮಾಡುತ್ತವೆ. ಆ ಮಣ್ಣನ್ನು ನೀರಿನಲ್ಲಿ ತೊಳೆದು, ಬೂದಿಯ ನೀರಿನೊಡನೆ ಕಾಯಿಸಿ ಉಪ್ಪನ್ನು ಹರಳುಗಟ್ಟಿಸುತ್ತಿದ್ದರು. ನಮ್ಮ ರಾಗಿ, ಜೋಳಗಳು ಬೇರಿನಿಂದ ಹೀರುವುದೂ ಇದೇ ನೈಟ್ರೇಟನ್ನು. ಇಂದು ಹನಿ ನೀರಾವರಿಯಲ್ಲಿ ಬಿಡುವ 13:0:45 ಎಂಬ ಗೊಬ್ಬರದ ಚೀಲ ತೆರೆದು ನೋಡಿದರೆ ಇರುವುದು ಅದೇ ಪೆಟ್ಲುಪ್ಪು.

ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನವರು ಈ ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿ, ಉದ್ದನೆಯ ಬಿದಿರಿಗೆ ಕಟ್ಟಿ ಬಾಣ ಮಾಡಿದರು. ಕಾಗದದ ಅಥವಾ ಬಿದಿರಿನ ಕೊಳವೆ ಹೆಚ್ಚು ಒತ್ತಡ ತಡೆಯದು, ಕಬ್ಬಿಣ ತಡೆಯುತ್ತದೆ. ಕೊಳವೆಯ ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ಕಿರಿದಾದ ಬಾಯಿ. ಆ ಬಾಯಿಂದ ಅನಿಲ ಹಿಂದಕ್ಕೆ ಚಿಮ್ಮಿದಷ್ಟೂ ಬಾಣ ಮುಂದಕ್ಕೆ ಹಾರುತ್ತದೆ. ಬಾಯಿ ಕಟ್ಟಿದರೆ ಅದೇ ಬಾಣ ಸಿಡಿಗುಂಡು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದು ಅವರ ಸೇನೆ ಕಂಗೆಟ್ಟಿತು. 1799ರ ಮೇ 2ರಂದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಬಾಣಗಳ ಉಗ್ರಾಣವೊಂದಕ್ಕೆ ಗುಂಡು ತಗಲಿ ಸಿಡಿಯಿತು; ಎರಡು ದಿನಗಳ ನಂತರ ಕೋಟೆ ಬಿದ್ದಿತು. ಶ್ರೀರಂಗಪಟ್ಟಣದಲ್ಲಿ ಉಳಿದಿರುವ ಮದ್ದಿನ ಮನೆಗಳ ದಪ್ಪ ಗೋಡೆಗಳನ್ನು ಈಗಲೂ ನೋಡಬಹುದು. ಅವುಗಳಲ್ಲೊಂದನ್ನು ರೈಲು ಹಳಿ ಹಾಕುವ ಸಲುವಾಗಿ 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಆ ಕಾಲದ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕಿದವು. ಪಾಳುಬಾವಿ ತೋಡುವಾಗ ಕೆಸರು ಮೆತ್ತಿದ ಕಬ್ಬಿಣದ ಕೊಳವೆ ಸಿಕ್ಕರೆ ಗುದ್ದಲಿಯಿಂದ ಕುಟ್ಟಿ ನೋಡದೆ ತಹಸೀಲ್ದಾರರಿಗೆ ತಿಳಿಸುವುದು ಮೇಲು.

ಅದೇ ಕ್ರಿಯೆ, ಭತ್ತದ ಗದ್ದೆಯಲ್ಲಿ

ಕೋವಿಮದ್ದು ಉರಿದಾಗ ನಡೆಯುವುದೇನು? ನೈಟ್ರೇಟಿನ ಆಮ್ಲಜನಕ ಇಂಗಾಲವನ್ನು ಸುಡುತ್ತದೆ. ಸಾರಜನಕ ಅನಿಲವೂ ಇಂಗಾಲದ ಡೈಆಕ್ಸೈಡೂ ಹೊರಬರುತ್ತವೆ. ಈಗ ನೀರು ನಿಂತ ಭತ್ತದ ಗದ್ದೆಯ ಕೆಸರನ್ನು ನೋಡಿ. ಅಲ್ಲಿ ಗಾಳಿಯಿಲ್ಲ. ಉಸಿರಾಟಕ್ಕೆ ಆಮ್ಲಜನಕ ಸಿಗದ ಸೂಕ್ಷ್ಮಜೀವಿಗಳು ನೈಟ್ರೇಟಿನಿಂದಲೇ ಅದನ್ನು ಕಿತ್ತುಕೊಂಡು ಕೊಳೆತ ಸೊಪ್ಪು, ಕೂಳೆಗಳ ಇಂಗಾಲವನ್ನು ಬಳಸುತ್ತವೆ. ಹೊರಬರುವುದು ಮುಖ್ಯವಾಗಿ ಅವೇ ಎರಡು ಅನಿಲಗಳು. ಮದ್ದಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ ಗದ್ದೆಯಲ್ಲಿ ದಿನಗಟ್ಟಲೆ ನಡೆಯುತ್ತದೆ. ಶಾಖ ನೀರಿನಲ್ಲಿ ಕರಗಿಹೋಗುತ್ತದೆ, ಗುಳ್ಳೆಗಳು ಮೆಲ್ಲನೆ ಏಳುತ್ತವೆ. ಸ್ಫೋಟದ ವಿರುದ್ಧ ಪದ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಕೆಸರನ್ನೇ ತೋರಿಸುತ್ತೇನೆ.

ರೈತನಿಗೆ ಇದು ಸದ್ದಿಲ್ಲದ ನಷ್ಟ. ಹಣ ಕೊಟ್ಟು ತಂದ ಸಾರಜನಕ ಗಾಳಿಗೆ ಹೋಗುತ್ತದೆ. ಆದುದರಿಂದಲೇ ನೀರು ನಿಲ್ಲುವ ಗದ್ದೆಗೆ ನೈಟ್ರೇಟ್ ರೂಪದ ಗೊಬ್ಬರ ಬೇಡವೆನ್ನುತ್ತೇವೆ. ಯೂರಿಯಾವನ್ನು ನಿಂತ ನೀರಿನ ಮೇಲೆ ಒಂದೇ ಸಲ ಎರಚದೆ, ನೀರು ಬಸಿದು, ಕಂತುಗಳಲ್ಲಿ ಕೊಟ್ಟು ಕೆಸರಿನೊಳಗೆ ಸೇರಿಸಬೇಕು. ಗದ್ದೆಯ ಮೇಲ್ಪದರದಲ್ಲಿ ಅಮೋನಿಯಾ ನೈಟ್ರೇಟಾಗುವುದನ್ನು ಬೇವು ನಿಧಾನಗೊಳಿಸುತ್ತದೆ. ಯೂರಿಯಾಕ್ಕೆ ಬೇವಿನ ಲೇಪನ ಮಾಡಿ ಮಾರುವುದರ ಉದ್ದೇಶಗಳಲ್ಲಿ ಇದೂ ಒಂದು.

ಗೊಬ್ಬರ ಸಿಡಿದದ್ದು

ಅಮೋನಿಯಂ ನೈಟ್ರೇಟ್ ಒಳ್ಳೆಯ ಗೊಬ್ಬರ. ಸಿಡಿಮದ್ದಿನ ಕಚ್ಚಾವಸ್ತುವೂ ಹೌದು. 1921ರ ಸೆಪ್ಟೆಂಬರ್ 21ರಂದು ಜರ್ಮನಿಯ ಒಪ್ಪಾವು ಎಂಬಲ್ಲಿ ಗೊಬ್ಬರ ಕಾರ್ಖಾನೆಯ ಉಗ್ರಾಣದಲ್ಲಿ ಸುಮಾರು 4,500 ಟನ್ ಅಮೋನಿಯಂ ಸಲ್ಫೇಟ್–ನೈಟ್ರೇಟ್ ಮಿಶ್ರಣ ಗಟ್ಟಿಯಾಗಿ ಕುಳಿತಿತ್ತು. ಅದನ್ನು ಸಡಿಲಿಸಲು ಸಣ್ಣ ಸಣ್ಣ ಸಿಡಿಮದ್ದು ಇಟ್ಟು ಒಡೆಯುವುದು ಅಲ್ಲಿನ ರೂಢಿ. ಸಾವಿರಾರು ಸಲ ಏನೂ ಆಗಿರಲಿಲ್ಲ. ಆ ಬೆಳಿಗ್ಗೆ ಆಯಿತು. ಐನೂರಕ್ಕೂ ಹೆಚ್ಚು ಜನ ಸತ್ತರು. ‘ಇಷ್ಟು ವರ್ಷ ಏನೂ ಆಗಿಲ್ಲ, ಇವತ್ತೇನಾಗುತ್ತದೆ’ ಎಂಬ ಮಾತು ನಮ್ಮ ಕಡೆಯದು ಮಾತ್ರವಲ್ಲ. 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಹಡಗಿನಲ್ಲಿದ್ದ ಇದೇ ಗೊಬ್ಬರಕ್ಕೆ ಬೆಂಕಿ ಹತ್ತಿ ಸಿಡಿಯಿತು. 2020ರ ಆಗಸ್ಟ್ 4ರಂದು ಬೈರೂತಿನ ಬಂದರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸುಮಾರು 2,750 ಟನ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು.

ಇದನ್ನು ಓದಿ ಯೂರಿಯಾ ಚೀಲದ ಹತ್ತಿರ ಹೋಗಲು ಹೆದರಬೇಕಾಗಿಲ್ಲ. ಯೂರಿಯಾ, ಡಿ.ಎ.ಪಿ., ಪೊಟ್ಯಾಷ್‌ಗಳಲ್ಲಿ ಆಮ್ಲಜನಕ ಕೊಡುವ ನೈಟ್ರೇಟ್ ಇಲ್ಲ. ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟಿನಲ್ಲಿ ಸುಣ್ಣದ ಕಲ್ಲಿನ ಪುಡಿ ಬೆರೆಸಿ ಅದರ ಸ್ವಭಾವವನ್ನು ಮೆತ್ತಗೆ ಮಾಡಿದ್ದಾರೆ. ತೂಕದಲ್ಲಿ ಶೇಕಡ 45ಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರುವ ಮಿಶ್ರಣವನ್ನು ಭಾರತ ಸರ್ಕಾರ 2011ರಲ್ಲಿ ಸಿಡಿಮದ್ದು ಎಂದು ಘೋಷಿಸಿತು. 2012ರಲ್ಲಿ ಅದಕ್ಕೆ ಪ್ರತ್ಯೇಕ ನಿಯಮಗಳು ಬಂದವು. ಆದರೆ ದ್ರಾಕ್ಷಿ, ಮಾವು, ತರಕಾರಿ ಬೆಳೆಯುವವರ ಕೊಠಡಿಗಳಲ್ಲಿ ಒಂದು ದೃಶ್ಯ ಸಾಮಾನ್ಯ: 13:0:45ರ ಚೀಲ, ಬೂದಿರೋಗಕ್ಕೆಂದು ತಂದ ಗಂಧಕದ ಪುಡಿ, ಅವುಗಳ ಪಕ್ಕದಲ್ಲೇ ಡೀಸೆಲ್ ಕ್ಯಾನು, ಮರದ ಹೊಟ್ಟು. ಬೇರೆ ಬೇರೆ ಇದ್ದಾಗ ಇವು ಸಾಧು. ಚೀಲ ಹರಿದು, ಬೆರೆತು, ಬೆಂಕಿ ತಗಲಿದರೆ ಮಣ್ಣು ಹಾಕಿ ಗಾಳಿ ತಡೆದರೂ ಉರಿ ನಿಲ್ಲದು, ಏಕೆಂದರೆ ಆಮ್ಲಜನಕ ಒಳಗೇ ಇದೆ. ನೈಟ್ರೇಟ್ ಗೊಬ್ಬರಕ್ಕೆ ಬೇರೆ ಮೂಲೆಯಲ್ಲ, ಬೇರೆ ಕೊಠಡಿಯೇ ಬೇಕು. ಗಟ್ಟಿಯಾದ ಚೀಲವನ್ನು ಮರದ ಕೊಡತಿಯಿಂದ ಮೆಲ್ಲನೆ ಒಡೆಯಬೇಕು. ಚೆಲ್ಲಿದ ಪುಡಿಯನ್ನು ಹೊಟ್ಟಿನೊಡನೆ ಗುಡಿಸಿ ಮತ್ತೆ ಚೀಲಕ್ಕೆ ತುಂಬಬಾರದು.

ಬಾವಿಯ ಬಂಡೆ

ಮೈಸೂರು, ಚಾಮರಾಜನಗರ, ತುಮಕೂರು ಸೀಮೆಗಳಲ್ಲಿ ಮಣ್ಣಿನ ಕೆಳಗೆ ಗಟ್ಟಿ ಬಂಡೆ. ಬಾವಿ ಆಳ ಮಾಡಬೇಕಾದರೆ ಮದ್ದು ಹಾಕಿ ಸಿಡಿಸುವುದು ರೂಢಿಗೆ ಬಂದಿತು. ಕೋವಿಮದ್ದು ರಭಸವಾಗಿ ಉರಿಯುತ್ತದೆ; ಜಿಲೆಟಿನ್ ಕಡ್ಡಿ ಹಾಗಲ್ಲ. ಅದರಲ್ಲಿ ಶಬ್ದಕ್ಕಿಂತ ವೇಗವಾದ ಆಘಾತದ ಅಲೆ ಹುಟ್ಟಿ ಬಂಡೆಯನ್ನು ಮೊದಲು ಬಿರುಕುಗೊಳಿಸುತ್ತದೆ. ಹಿಂದೆಯೇ ಬರುವ ಅನಿಲ ಬಿರುಕನ್ನು ತೆರೆಯುತ್ತದೆ. ಕೋವಿಮದ್ದಿಗೆ ಬಿಗಿಯಾದ ಗೂಡು ಬೇಕು. ಜಿಲೆಟಿನ್ನಿಗೆ ಬೇಡ, ಬಯಲಿನಲ್ಲಿಯೂ ಕೊಲ್ಲುತ್ತದೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನ ಕಲ್ಲುಕ್ವಾರಿ ಪ್ರದೇಶದಲ್ಲಿ ವಾಹನದಲ್ಲಿದ್ದ ಸಿಡಿಮದ್ದು ಸ್ಫೋಟಿಸಿ ಕನಿಷ್ಠ ಐವರು ಸತ್ತರು. ಸುತ್ತಲ ಜಿಲ್ಲೆಗಳಲ್ಲೂ ನೆಲ ಅದುರಿ, ಜನ ಭೂಕಂಪವೆಂದು ಮನೆಯಿಂದ ಹೊರಗೋಡಿದರು. ಬಂಡೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 5 ಕಿಲೊಮೀಟರ್ ಸಾಗಿದರೆ ಗಾಳಿಯಲ್ಲಿ ಒಂದು ಕಿಲೊಮೀಟರಿನ ಮೂರನೆಯ ಒಂದು ಭಾಗ ಮಾತ್ರ. ಹೀಗಾಗಿ 20 ಕಿಲೊಮೀಟರ್ ದೂರದ ಊರಿನಲ್ಲಿ ನೆಲ ನಾಲ್ಕು ಸೆಕೆಂಡಿನಲ್ಲಿ ನಡುಗುತ್ತದೆ, ಸದ್ದು ಬರಲು ಒಂದು ನಿಮಿಷ ಬೇಕು. ಮುಂದಿನ ತಿಂಗಳೇ, ಫೆಬ್ರವರಿ 23ರಂದು, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳನ್ನು ಸಾಗಹಾಕುವ ವೇಳೆ ಸಿಡಿದು ಆರು ಮಂದಿ ಪ್ರಾಣ ಕಳೆದುಕೊಂಡರು. ಉಳಿದ ಮದ್ದನ್ನು ಹುಲ್ಲಿನ ಮೆದೆಯಲ್ಲೋ ಪಂಪ್‌ಮನೆಯಲ್ಲೋ ಬಚ್ಚಿಡುವ ಅಭ್ಯಾಸ ಹಳ್ಳಿಗಳಲ್ಲಿ ಇದೆ. ಅದನ್ನು ಕೈಯಲ್ಲಿ ಮುಟ್ಟದೆ ಪೊಲೀಸರಿಗೆ ತಿಳಿಸುವುದೊಂದೇ ದಾರಿ.

ದೂರದ ಲೆಕ್ಕವೊಂದು ಉಪಯುಕ್ತ. ಗಾಳಿಯ ಹೊಡೆತ ದೂರ ಹೋದಂತೆ ಬೇಗ ಕ್ಷೀಣಿಸುತ್ತದೆ: ಅದೇ ಹೊಡೆತ ಎರಡು ಪಟ್ಟು ದೂರ ಮುಟ್ಟಬೇಕಾದರೆ ಮದ್ದು ಎಂಟು ಪಟ್ಟು ಇರಬೇಕು. ಹಾರುವ ಕಲ್ಲಿಗೆ ಈ ನಿಯಮವಿಲ್ಲ. ಬಾವಿ ಸಿಡಿಸುವಾಗ ಗಾಯವಾಗುವುದು ಸಾಮಾನ್ಯವಾಗಿ ಕಲ್ಲಿನಿಂದ. ಸಿಡಿದ ಮೇಲೆ ತಳದಲ್ಲಿ ಉಳಿಯುವ ಇಂಗಾಲದ ಮಾನಾಕ್ಸೈಡ್ ಮತ್ತು ಸಾರಜನಕದ ಆಕ್ಸೈಡುಗಳು ಇನ್ನೊಂದು ಅಪಾಯ. ಬಾವಿಯಲ್ಲಿ ಗಾಳಿ ಆಡುವುದಿಲ್ಲ. ಅವಸರದಿಂದ ಇಳಿದವನು ಕುಸಿದರೆ ಅವನನ್ನು ಎತ್ತಲು ಇಳಿದ ಅಣ್ಣ ತಮ್ಮಂದಿರೂ ಮೇಲೆ ಬರುವುದಿಲ್ಲ. ಕಂಪ್ರೆಸರಿನಿಂದ ಸಾಕಷ್ಟು ಹೊತ್ತು ಗಾಳಿ ಊದಿಸಿ, ಪರವಾನಗಿ ಪಡೆದ ಬ್ಲಾಸ್ಟರ್ ಒಪ್ಪಿದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಯಬೇಕು. ಸಿಡಿಯದೆ ಉಳಿದ ತೂತನ್ನು ಕೆದಕುವ ಕೆಲಸ ರೈತನದಲ್ಲ.

ಮನೆ, ತೋಟಗಳ ನಡುವೆ ಬಂಡೆ ಒಡೆಯಬೇಕಾದರೆ ಸದ್ದಿಲ್ಲದ ಪುಡಿಯೂ ಉಂಟು. ಮುಖ್ಯವಾಗಿ ಸುಟ್ಟ ಸುಣ್ಣದಿಂದಾದ ಇದನ್ನು ನೀರಿನಲ್ಲಿ ಕಲಸಿ ತೂತಿಗೆ ತುಂಬಿದರೆ ಗಂಟೆಗಟ್ಟಲೆ ನಿಧಾನವಾಗಿ ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಖರ್ಚು ಹೆಚ್ಚು, ಕೆಲಸ ನಿಧಾನ, ಆದರೆ ಕಲ್ಲು ಹಾರುವುದಿಲ್ಲ. ಹಿಂದಿನ ಕಲ್ಲುಕುಟಿಗರು ಬಂಡೆಯ ಮೇಲೆ ಸೌದೆ ಉರಿಸಿ ಪದರ ಎಬ್ಬಿಸುತ್ತಿದ್ದುದೂ ಇದೇ ಜಾತಿಯ ಉಪಾಯ.

ಖಾಲಿ ಪೀಪಾಯಿ

ತುಂಬಿದ ಪೀಪಾಯಿಗಿಂತ ಖಾಲಿಯಾದುದು ಅಪಾಯಕಾರಿ ಎಂದರೆ ನಂಬುವವರು ಕಡಿಮೆ. ಪೆಟ್ರೋಲಿನ ಆವಿ ಗಾಳಿಯಲ್ಲಿ ಶೇಕಡ ಒಂದೂವರೆಯಷ್ಟು ಬೆರೆತರೂ ಸಿಡಿಯಬಲ್ಲದು. 200 ಲೀಟರ್ ಪೀಪಾಯಿಗೆ ಕೆಲವೇ ಚಮಚ ಸಾಕು. ಡೀಸೆಲ್ ಸಾಮಾನ್ಯ ಶಾಖದಲ್ಲಿ ಅಷ್ಟು ಆವಿಯಾಗದು, ಆದರೆ ಗ್ಯಾಸ್ ಕಟ್ಟರಿನ ಉರಿ ಹಿಡಿದಾಗ ಆಗುತ್ತದೆ. ನೀರಿನ ತೊಟ್ಟಿ ಮಾಡಲೆಂದು ಪೀಪಾಯಿ ಕೊಯ್ಯಿಸುವವರು ಮೊದಲು ಚೆನ್ನಾಗಿ ತೊಳೆಸಿ, ಕೊಯ್ಯುವ ಜಾಗದವರೆಗೂ ನೀರು ತುಂಬಿಸಿ ಕೊಡಬೇಕು. ಗೋಬರ್ ಗ್ಯಾಸಿನ ಮೀಥೇನ್ ಶೇಕಡ 5ರಿಂದ 15ರವರೆಗೆ ಗಾಳಿಯೊಡನೆ ಬೆರೆತಾಗ ಮಾತ್ರ ಸಿಡಿಯುತ್ತದೆ. ಹೊಸ ಸ್ಥಾವರದ ಮೊದಲ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಅದನ್ನು ಹೊರಗೆ ಬಿಟ್ಟುಬಿಡಬೇಕು.

ಇನ್ನು ಒಳಕುಸಿತ

ಸ್ಫೋಟದಲ್ಲಿ ಒಳಗಿನ ಒತ್ತಡ ಗೆಲ್ಲುತ್ತದೆ. ಒಳಗೆ ಒತ್ತಡ ತಟ್ಟನೆ ಇಳಿದರೆ ಹೊರಗಿನದು ಗೆಲ್ಲುತ್ತದೆ. ಹೊರಗಿರುವುದು ಬರೀ ಗಾಳಿಯಲ್ಲವೇ ಎನ್ನಬಾರದು. ಶ್ರೀರಾಂಪುರ ಸೇರಿದಂತೆ ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಭಾರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.94 ಕಿಲೊಗ್ರಾಂ. ಒಂದು 200 ಲೀಟರ್ ಪೀಪಾಯಿಯ ಮೈಯೆಲ್ಲ ಸೇರಿ ಸುಮಾರು 21,000 ಚದರ ಸೆಂಟಿಮೀಟರ್. ಅಂದರೆ ಅದರ ಮೇಲೆ ಸದಾ ಸುಮಾರು 20 ಟನ್ ಒತ್ತುತ್ತಿದೆ. ಒಳಗಿನ ಗಾಳಿ ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುವುದರಿಂದ ನಮಗೆ ತಿಳಿಯುವುದಿಲ್ಲ. ಕುದಿಯುವ ನೀರಿನಿಂದ ಪೀಪಾಯಿ ತೊಳೆದು, ಒಳಗೆ ಆವಿ ತುಂಬಿರುವಾಗಲೇ ಬಿರಡೆ ಬಿಗಿದರೆ, ಆವಿ ತಣಿದು ಹನಿಯಾದಂತೆ ಒಳಗೆ ನಿರ್ವಾತ ಉಂಟಾಗಿ ಪೀಪಾಯಿ ಸದ್ದು ಮಾಡಿ ಚಪ್ಪಟೆಯಾಗುತ್ತದೆ.

ಹನಿ ನೀರಾವರಿಯಲ್ಲಿ ಇದು ದಿನವೂ ನಡೆಯುತ್ತದೆ. ಇಳಿಜಾರಿನ ಹೊಲದಲ್ಲಿ ಪಂಪ್ ನಿಂತೊಡನೆ ಕೊಳವೆಯ ನೀರು ಕೆಳಕ್ಕೆ ಸರಿಯುತ್ತದೆ, ಮೇಲ್ಭಾಗದಲ್ಲಿ ಖಾಲಿ ಜಾಗ ಉಂಟಾಗುತ್ತದೆ. ಐದು ಮೀಟರ್ ಇಳಿಜಾರಿದ್ದರೆ ಒಳಗಿನ ಒತ್ತಡ ಅರ್ಧಕ್ಕೆ ಇಳಿಯಬಹುದು. ಆಗ ಡ್ರಿಪ್ಪರುಗಳು ನೀರು ಬಿಡುವ ಬದಲು ಕೆಸರು ನೀರನ್ನು ಒಳಕ್ಕೆ ಹೀರುತ್ತವೆ. ತೆಳುವಾದ ಕೊಳವೆ ಬಾಗಿ ಚಪ್ಪಟೆಯಾಗುವುದೂ ಉಂಟು. ಫಿಲ್ಟರ್ ಎಷ್ಟು ಚೆನ್ನಾಗಿದ್ದರೂ ಡ್ರಿಪ್ಪರ್ ಕಟ್ಟುತ್ತದೆ ಎಂದು ದೂರುವವರ ಹೊಲದಲ್ಲಿ ಮೊದಲು ನೋಡಬೇಕಾದುದು ಎತ್ತರದ ಜಾಗದಲ್ಲಿ ಏರ್ ವಾಲ್ವ್ ಇದೆಯೇ ಎಂಬುದನ್ನು. ಖರ್ಚು ಉಳಿಸಲು ಇದನ್ನೇ ಬಿಟ್ಟುಬಿಡುತ್ತಾರೆ. ಇಡೀ ವ್ಯವಸ್ಥೆಯ ಬೆಲೆಯ ಮುಂದೆ ಅದು ಅತ್ಯಲ್ಪ.

ಕೊನೆಯದಾಗಿ ಪಂಪು. ಕಾಲುವೆ, ಕೆರೆ, ತೆರೆದ ಬಾವಿಗಳಿಂದ ನೀರೆತ್ತುವ ಮಾನೋಬ್ಲಾಕ್ ಪಂಪು ನೀರನ್ನು ಎಳೆಯುವುದಿಲ್ಲ. ಕೊಳವೆಯಲ್ಲಿ ಒತ್ತಡ ಇಳಿಸುತ್ತದೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಮೈಸೂರಿನ ಎತ್ತರದಲ್ಲಿ ಪೂರ್ಣ ನಿರ್ವಾತವಿದ್ದರೂ ನೀರು 9.4 ಮೀಟರಿಗಿಂತ ಏರದು. ಕೊಳವೆಯ ತಿಕ್ಕಾಟ, ಬಾಗು, ಫುಟ್ ವಾಲ್ವ್‌ಗಳ ನಷ್ಟ ಕಳೆದರೆ 6 ಮೀಟರ್ ಎಂದು ಇಟ್ಟುಕೊಳ್ಳುವುದು ಕ್ಷೇಮ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಪಂಪನ್ನು ಮೇಲೆಯೇ ಬಿಟ್ಟು ಕೊಳವೆ ಮಾತ್ರ ಉದ್ದ ಮಾಡಿದರೆ ಇಂಪೆಲರಿನ ಬಾಯಲ್ಲಿ ಒತ್ತಡ ತೀರ ಇಳಿದು ತಣ್ಣನೆಯ ನೀರೇ ಕುದಿಯುತ್ತದೆ. ಹೀಗೆ ಹುಟ್ಟಿದ ಆವಿಯ ಗುಳ್ಳೆಗಳು ಇಂಪೆಲರಿನೊಳಗೆ ಒತ್ತಡ ಹೆಚ್ಚಿರುವ ಕಡೆಗೆ ಬಂದೊಡನೆ ಕುಸಿಯುತ್ತವೆ. ಸುತ್ತಲ ನೀರು ಎಲ್ಲ ಕಡೆಯಿಂದ ಒಂದೇ ಬಿಂದುವಿಗೆ ನುಗ್ಗಿ ಆ ಚುಕ್ಕೆಯಲ್ಲಿ ನೂರಾರು ವಾಯುಭಾರದ ಒತ್ತಡ ಕ್ಷಣಕಾಲ ಏಳುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರೇಲೀ 1917ರಲ್ಲಿ ಇದರ ಗಣಿತವನ್ನು ಬಿಡಿಸಿ ತೋರಿಸಿದರು. ಒಂದೊಂದು ಗುಳ್ಳೆ ಸಾಸಿವೆಯಷ್ಟಿದ್ದರೂ ಲಕ್ಷಾಂತರ ಪೆಟ್ಟು ಬಿದ್ದ ಇಂಪೆಲರ್ ಗೆದ್ದಲು ತಿಂದ ಮರದಂತೆ ಗುಳಿ ಬೀಳುತ್ತದೆ.

ಇದರ ಗುರುತು ಸುಲಭ. ಪಂಪಿನೊಳಗೆ ಜಲ್ಲಿಕಲ್ಲು ಹಾಕಿ ತಿರುಗಿಸಿದಂಥ ಸದ್ದು ಬರುತ್ತದೆ, ನೀರು ಕಡಿಮೆಯಾಗುತ್ತದೆ. ಬಹಳ ಮಂದಿ ಬೇರಿಂಗ್ ಹೋಯಿತೆಂದು ಬದಲಿಸುತ್ತಾರೆ, ಸದ್ದು ಹೋಗುವುದಿಲ್ಲ. ಬಾವಿಯೊಳಗೆ ಕಟ್ಟೆ ಕಟ್ಟಿ ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಬೇಕು. ಹೀರುವ ಕೊಳವೆ ತಳ್ಳುವ ಕೊಳವೆಗಿಂತ ಒಂದು ಅಳತೆ ದೊಡ್ಡದಿರಬೇಕು. ಫುಟ್ ವಾಲ್ವಿನ ಜಾಲರಿಗೆ ಸಿಕ್ಕಿದ ಪಾಚಿ ತೆಗೆಯಬೇಕು. ನೀರು ಕಡಿಮೆ ಮಾಡಬೇಕಾದಾಗ ಹೀರುವ ಕಡೆಯ ವಾಲ್ವ್ ತಿರುಗಿಸದೆ, ತಳ್ಳುವ ಕಡೆಯದನ್ನೇ ನಿಧಾನವಾಗಿ ತಿರುಗಿಸಬೇಕು. ನಿಧಾನವಾಗಿ ಎಂದದ್ದಕ್ಕೆ ಕಾರಣವಿದೆ: ಪಿ.ವಿ.ಸಿ. ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರನ್ನು ತಟ್ಟನೆ ನಿಲ್ಲಿಸಿದರೆ 30–40 ಮೀಟರ್ ಎತ್ತರದ ನೀರಿನಷ್ಟು ಒತ್ತಡ ಒಮ್ಮೆಲೇ ಏರಿ, ಮರುಕ್ಷಣ ಅಷ್ಟೇ ಇಳಿದು, ಕೀಲು ಬಿಚ್ಚುತ್ತದೆ.